ಗಂಟೆಯ ಖಾತೆ, ಹಣದ ಖಾತೆ

ಬೆಂಗಳೂರಿನಲ್ಲಿ ಸಂಸಾರ ಹೂಡಿ ನಲವತ್ತು ದಾಟಿದ ಇಬ್ಬರು ಪರಿಚಿತರು ಮದುವೆಮನೆಯಲ್ಲಿ ಎದುರಾದರೆ ಕ್ಷೇಮಸಮಾಚಾರಕ್ಕಿಂತ ಮೊದಲು ಕೇಳಿಬರುವುದು ‘ಒಂದು ನಿಮಿಷವೂ ಪುರುಸೊತ್ತಿಲ್ಲ’ ಎಂಬ ದೂರು, ಮತ್ತು ಆ ದೂರಿನಲ್ಲಿ ಸಣ್ಣದೊಂದು ಹೆಮ್ಮೆಯೂ ಬೆರೆತಿರುತ್ತದೆ. ಇದಕ್ಕೆ ಸಿಗುವ ಉಪದೇಶಗಳೆಲ್ಲ ದಿನಚರಿಗೆ ಸಂಬಂಧಿಸಿದವು: ಬೆಳಿಗ್ಗೆ ಐದಕ್ಕೆ ಏಳಿ, ಮಾಡಬೇಕಾದ ಕೆಲಸಗಳ ಪಟ್ಟಿ ಬರೆದಿಡಿ, ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಇವು ಕೆಟ್ಟ ಸಲಹೆಗಳೇನಲ್ಲ. ಆದರೆ ಸಾಫ್ಟ್‌ವೇರ್ ಕಂಪನಿಗಳಲ್ಲಿ ಎರಡು ದಶಕ ದುಡಿದ ಮೇಲೆ ನನಗೆ ಅನ್ನಿಸಿರುವುದೇನೆಂದರೆ, ನಮ್ಮ ವರ್ಗದವರು ತಮ್ಮ ಬಿಡುವಿಲ್ಲದ ಬದುಕಿನ ಕಾರಣವನ್ನು ಕ್ಯಾಲೆಂಡರಿಗಿಂತ ಮೊದಲು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಹುಡುಕಬೇಕು. ತಿಂಗಳ ಆರಂಭದಲ್ಲಿ ಖಾತೆಯಿಂದ ತಾನಾಗಿ ಕಡಿತವಾಗುವ ಕಂತುಗಳು ಮುಂದಿನ ಹದಿನೈದು-ಇಪ್ಪತ್ತು ವರ್ಷಗಳ ನಮ್ಮ ಗಂಟೆಗಳನ್ನು ಮುಂಗಡವಾಗಿಯೇ ಮಾರಿರುತ್ತವೆ. ಹಾಗೆ ಮಾರಿಹೋದ ಗಂಟೆಗಳನ್ನು ಐದಕ್ಕೆ ಎದ್ದು ಮರಳಿ ಪಡೆಯಲು ಸಾಧ್ಯವಿಲ್ಲ.

ಒಂದು ಸಾಮಾನ್ಯ ಲೆಕ್ಕವನ್ನೇ ನೋಡೋಣ. 60 ಲಕ್ಷ ರೂಪಾಯಿಯ ಗೃಹಸಾಲವನ್ನು ಶೇ. 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 52,070 ರೂಪಾಯಿ ಆಗುತ್ತದೆ. ಮೊದಲ ತಿಂಗಳ ಕಂತಿನಲ್ಲಿ 42,500 ರೂಪಾಯಿ ಬಡ್ಡಿಗೇ ಹೋಗಿ, ಅಸಲಿಗೆ ಜಮೆಯಾಗುವುದು ಹತ್ತು ಸಾವಿರಕ್ಕೂ ಕಡಿಮೆ. ಅವಧಿ ಮುಗಿಯುವಷ್ಟರಲ್ಲಿ ಕಟ್ಟಿದ ಒಟ್ಟು ಮೊತ್ತ 1 ಕೋಟಿ 25 ಲಕ್ಷದ ಹತ್ತಿರ ಬಂದಿರುತ್ತದೆ. ಅದೇ ಸಾಲವನ್ನು 15 ವರ್ಷಕ್ಕೆ ಇಳಿಸಿದರೆ ಕಂತು ತಿಂಗಳಿಗೆ ಏಳು ಸಾವಿರದಷ್ಟು ಹೆಚ್ಚಾಗುತ್ತದೆ, ಬಡ್ಡಿಯಲ್ಲಿ ಹದಿನೆಂಟೂವರೆ ಲಕ್ಷ ಉಳಿಯುತ್ತದೆ. ಹಣಕಾಸಿನ ಸಲಹೆಗಾರರು ಈ ಹದಿನೆಂಟೂವರೆ ಲಕ್ಷವನ್ನು ಎತ್ತಿ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬಿಡುಗಡೆಯಾದ ಐದು ವರ್ಷ. ಐವತ್ತೈದನೆಯ ವಯಸ್ಸಿಗೆ ಮುಗಿಯಬೇಕಾದ ಸಾಲ ಐವತ್ತಕ್ಕೆ ಮುಗಿದರೆ, ಆ ಐದು ವರ್ಷ ಯಾವ ಕೆಲಸ ಮಾಡಬೇಕು, ಎಷ್ಟು ಮಾಡಬೇಕು ಎಂಬುದನ್ನು ನಾವೇ ತೀರ್ಮಾನಿಸಬಹುದು. ನಮಗೆ ಎಷ್ಟು ಸಾಲ ಪಡೆಯುವ ಅರ್ಹತೆಯಿದೆ ಎಂದು ಬ್ಯಾಂಕು ಹೇಳುವಾಗ ಅದು ಅಳೆಯುವುದು ಸಂಬಳವನ್ನು ಮಾತ್ರ. ಆ ಸಂಬಳವನ್ನು ನಾವು ಬೇರೆ ಯಾತಕ್ಕಾಗಿ ಬಯಸಿದ್ದೆವು ಎಂಬ ಪ್ರಶ್ನೆ ಅರ್ಜಿಯ ಯಾವ ಪುಟದಲ್ಲಿಯೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಅದನ್ನು ಕೇಳಿಕೊಳ್ಳಬೇಕಾದವರು ನಾವು.

ಹಣವನ್ನು ಗಂಟೆಗಳಲ್ಲಿ ಎಣಿಸಿದಾಗ ಈ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಕೈಗೆ ಬರುವ ಸಂಬಳ ತಿಂಗಳಿಗೆ 1,50,000 ರೂಪಾಯಿ ಎಂದಿಟ್ಟುಕೊಳ್ಳಿ. 22 ಕೆಲಸದ ದಿನ, ದಿನಕ್ಕೆ 9 ಗಂಟೆ ಎಂದರೆ 198 ಗಂಟೆಗಳಾದವು. ಒಂದು ಗಂಟೆಯ ದುಡಿಮೆಗೆ ಸುಮಾರು 757 ರೂಪಾಯಿ ಬಿತ್ತು. ಇಷ್ಟಕ್ಕೆ ನಿಲ್ಲಿಸಿದರೆ ಅಂಕಿ ಹಿತವಾಗಿಯೇ ಇದೆ. ಆದರೆ ಆಫೀಸಿಗೆ ಹೋಗಿಬರುವ ಎರಡೂವರೆ ಗಂಟೆಯನ್ನು ಯಾರು ಎಣಿಸಬೇಕು? 2022ರ ಟಾಮ್‌ಟಾಮ್ ಸಂಚಾರ ಸೂಚ್ಯಂಕದಲ್ಲಿ ಬೆಂಗಳೂರು ಲಂಡನ್ನಿನ ನಂತರ ಜಗತ್ತಿನ ಎರಡನೆಯ ನಿಧಾನಗತಿಯ ನಗರವಾಗಿತ್ತು. ನಗರದ ನಡುಭಾಗದಲ್ಲಿ 10 ಕಿಲೋಮೀಟರ್ ದಾಟಲು 29 ನಿಮಿಷಕ್ಕಿಂತ ಹೆಚ್ಚು ಬೇಕಾಗುತ್ತಿತ್ತು. ಹಾದಿಯ ಸಮಯವನ್ನು ಸೇರಿಸಿದರೆ 198 ಗಂಟೆ 253 ಆಗುತ್ತದೆ. ಇನ್ನು, ಆ ಕೆಲಸಕ್ಕೆ ಹೋಗುವುದಕ್ಕೆಂದೇ ಇಟ್ಟುಕೊಂಡ ಎರಡನೆಯ ಕಾರಿನ ಕಂತು, ಪೆಟ್ರೋಲು, ಪಾರ್ಕಿಂಗು, ಸುಸ್ತಾಗಿ ಬಂದ ರಾತ್ರಿಗಳಲ್ಲಿ ಹೊರಗಿನಿಂದ ತರಿಸಿದ ಊಟ ಇವೆಲ್ಲ ಸೇರಿ 35,000 ಆಯಿತೆಂದು ಹಿಡಿಯಿರಿ. ಉಳಿದ 1,15,000 ರೂಪಾಯಿಯನ್ನು 253ರಿಂದ ಭಾಗಿಸಿದರೆ ಸಿಗುವುದು ಗಂಟೆಗೆ ಸುಮಾರು 455 ರೂಪಾಯಿ. ಈಗ ಎರಡು ಮಲಗುವ ಕೋಣೆಯ ಮನೆಯ ಬದಲು ಮೂರು ಕೋಣೆಯದನ್ನು ಕೊಳ್ಳಲು 25 ಲಕ್ಷ ಹೆಚ್ಚು ಸಾಲ ಮಾಡಿದರೆ, ಮೇಲಿನ ಬಡ್ಡಿಯಲ್ಲಿಯೇ ತಿಂಗಳಿಗೆ ಸುಮಾರು 21,700 ರೂಪಾಯಿ ಹೆಚ್ಚು ಕಟ್ಟಬೇಕು. ಎಂದರೆ ಪ್ರತಿ ತಿಂಗಳೂ 48 ಗಂಟೆ, 20 ವರ್ಷ, ನೆಂಟರು ಬಂದಾಗ ಮಾತ್ರ ದೀಪ ಹತ್ತುವ ಒಂದು ಕೋಣೆಗಾಗಿ.

ಕಾಕತಾಳೀಯವಾಗಿ ಆ 48 ಎಂಬ ಸಂಖ್ಯೆ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವಾರದ ದುಡಿಮೆಗೆ ಹಾಕಿದ ಮಿತಿಯೂ ಹೌದು. 2023ರ ಅಕ್ಟೋಬರಿನಲ್ಲಿ ಎನ್. ಆರ್. ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗಲೂ, 2025ರ ಜನವರಿಯಲ್ಲಿ ಎಲ್ ಅಂಡ್ ಟಿಯ ಅಧ್ಯಕ್ಷರು 90 ಗಂಟೆಯ ಮಾತನ್ನಾಡಿದಾಗಲೂ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಬಹಳ ಸಿಟ್ಟು ವ್ಯಕ್ತವಾಯಿತು. ನನಗೂ ಸಿಟ್ಟು ಬಂದಿತ್ತು. ಆದರೂ ಒಂದು ಮಾತನ್ನು ಹೇಳಲೇಬೇಕು: ಹಾಗೆ ಸಿಟ್ಟಾದ ನಮ್ಮಲ್ಲಿ ಬಹುಪಾಲು ಮಂದಿ, ಯಾರೂ ಉಪದೇಶಿಸದಿದ್ದರೂ, ಕಂತಿನ ಭಯದಿಂದಲೇ ಅದರ ಹತ್ತಿರ ಹತ್ತಿರದಷ್ಟು ದುಡಿಯುತ್ತಿದ್ದೆವು.

ಹಿಂದೊಂದು ಯುಗಾದಿಯ ರಜೆಯಲ್ಲಿ ನಾನೂ ನನ್ನ ಪತಿಯೂ ಬೇರೆ ಬೇರೆ ಕೂತು, ಮುಂದಿನ ಹತ್ತು ವರ್ಷಗಳಲ್ಲಿ ನಿಜವಾಗಿ ಏನು ಬೇಕೆಂಬುದನ್ನು ಬರೆದೆವು. ಇವರು ನಗರದ ಕಾಲೇಜೊಂದರಲ್ಲಿ ಅಧ್ಯಾಪಕರು, ಹವ್ಯಾಸಕ್ಕೆ ತಾಳಮದ್ದಳೆಯಲ್ಲಿ, ಎಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುವವರು. ಬರೆದದ್ದನ್ನು ಒಟ್ಟಿಗಿಟ್ಟು, ಪ್ರತಿಯೊಂದರ ಎದುರಿಗೆ ಎರಡು ಅಂಕಣಗಳನ್ನು ಎಳೆದೆವು: ಇದಕ್ಕೆ ಎಷ್ಟು ಹಣ ಬೇಕು, ಎಷ್ಟು ಗಂಟೆ ಬೇಕು. ಸಾಗರದ ಹತ್ತಿರದ ಊರಿನಲ್ಲಿ ಒಬ್ಬರೇ ಇರುವ ನನ್ನ ಅಮ್ಮನ ಜೊತೆ ತಿಂಗಳಿಗೊಮ್ಮೆಯಾದರೂ ಎರಡು ದಿನ ಇರುವುದು ಮೊದಲಿನದು. ಅದಕ್ಕೆ ಬೇಕಾದ ಹಣ ರಾತ್ರಿ ರೈಲಿನ ಟಿಕೆಟ್ಟಿನಷ್ಟು; ಬೇಕಾದ ಸಮಯ ಒಂದು ಇಡೀ ವಾರಾಂತ್ಯ. ಅರ್ಧಕ್ಕೆ ನಿಂತಿದ್ದ ನನ್ನ ಹಿಂದೂಸ್ತಾನಿ ಗಾಯನದ ಪಾಠಕ್ಕೆ ಹಣ ಕಡಿಮೆ, ಆದರೆ ದಿನವೂ ಬೆಳಿಗ್ಗೆ ಒಂದು ಗಂಟೆಯ ರಿಯಾಜ್ ಬೇಕು. ಇವರ ತಾಳಮದ್ದಳೆಗೆ ಖರ್ಚೇ ಇಲ್ಲ; ಪ್ರಸಂಗ ಓದಿಕೊಂಡು ಹೋಗಲು ಸಂಜೆಗಳು ಬೇಕು. ಮಗಳ ಉನ್ನತ ಶಿಕ್ಷಣಕ್ಕೆ ಮಾತ್ರ ಹಣವೇ ಬೇಕು, ಅದೂ ದೊಡ್ಡ ಮೊತ್ತ. ಮಗಳು ಮನೆಯಲ್ಲಿರುವ ಕೊನೆಯ ಕೆಲವು ವರ್ಷಗಳಲ್ಲಿ ಅವಳ ಜೊತೆ ರಾತ್ರಿಯ ಊಟಕ್ಕೆ ಕೂರುವುದಕ್ಕೆ ಹಣದ ಅಂಕಣ ಖಾಲಿಯೇ ಉಳಿಯಿತು.

ಆ ಹಾಳೆಯನ್ನು ನೋಡುತ್ತಿದ್ದಂತೆ ಕಂಡದ್ದು ಇಷ್ಟು. ನಾವು ಬಯಸಿದ್ದರಲ್ಲಿ ಮುಕ್ಕಾಲು ಪಾಲಿಗೆ ಬೇಕಾದದ್ದು ಗಂಟೆಗಳು. ಆದರೆ ನಮ್ಮ ಕೈಯಲ್ಲಿದ್ದ ಗಂಟೆಗಳನ್ನೆಲ್ಲ ನಾವು ಹಣಕ್ಕೆ ಪರಿವರ್ತಿಸುತ್ತಿದ್ದೆವು, ಆ ಹಣ ಹೋಗುತ್ತಿದ್ದದ್ದು ಹಾಳೆಯಲ್ಲಿ ಎಲ್ಲಿಯೂ ಇಲ್ಲದ ವಸ್ತುಗಳಿಗೆ. ಎರಡನೆಯ ಕಾರು ಯಾರ ಪಟ್ಟಿಯಲ್ಲಿಯೂ ಇರಲಿಲ್ಲ. ಯೂರೋಪ್ ಪ್ರವಾಸಕ್ಕೆಂದು ಒಂದು ಆರ್‌ಡಿಯನ್ನೇ ತೆರೆದಿದ್ದೆವು, ಅದನ್ನೂ ಇಬ್ಬರೂ ಬರೆದಿರಲಿಲ್ಲ. ಅದು ಯಾರ ಆಸೆಯಾಗಿತ್ತೆಂದು ಇವತ್ತಿಗೂ ತಿಳಿದಿಲ್ಲ. ಗುರಿಗಳನ್ನು ಬರೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಯಾವ ಗುರಿಗೆ ಯಾವ ನಾಣ್ಯದಲ್ಲಿ ಬೆಲೆ ತೆರಬೇಕೆಂಬುದನ್ನು ಬೇರ್ಪಡಿಸದಿದ್ದರೆ ಆ ಬರವಣಿಗೆಯಿಂದ ಹೆಚ್ಚು ಪ್ರಯೋಜನವಿಲ್ಲ. ಏಕೆಂದರೆ ಗುರಿ ಯಾವುದೇ ಇರಲಿ, ಅದಕ್ಕೆ ಇನ್ನಷ್ಟು ದುಡಿಯುವುದೇ ದಾರಿಯೆಂದು ನಮ್ಮ ಮನಸ್ಸು ತಾನಾಗಿ ತೀರ್ಮಾನಿಸಿಬಿಡುತ್ತದೆ.

ಕೈಗೊಂಡ ತೀರ್ಮಾನಗಳಲ್ಲಿ ದೊಡ್ಡದು ಮನೆಗೆ ಸಂಬಂಧಿಸಿದ್ದು. ನಮ್ಮ ಸ್ವಂತ ಫ್ಲಾಟು ಇರುವುದು ಯಲಹಂಕದ ಕಡೆ. ನನ್ನ ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಇವರ ಕಾಲೇಜು ಬಸವನಗುಡಿಯ ಆಸುಪಾಸಿನಲ್ಲಿ. ಊರಿನ ಉತ್ತರದ ತುದಿಯಿಂದ ದಕ್ಷಿಣದ ತುದಿಗೆ, ಹೆಬ್ಬಾಳದ ಮೇಲ್ಸೇತುವೆಯನ್ನು ದಾಟಿಕೊಂಡು ಹೋಗಿಬರುವುದು ಏನೆಂಬುದನ್ನು ಬೆಂಗಳೂರಿನವರಿಗೆ ವಿವರಿಸಬೇಕಾಗಿಲ್ಲ. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ದಕ್ಷಿಣ ಬೆಂಗಳೂರಿನ ಪಿಯು ಕಾಲೇಜಿಗೆ ಸೇರಿದ ವರ್ಷ ಫ್ಲಾಟನ್ನು ಬಾಡಿಗೆಗೆ ಕೊಟ್ಟು, ಜಯನಗರದ ಹತ್ತಿರ ಚಿಕ್ಕದೊಂದು ಮನೆಯನ್ನು ಬಾಡಿಗೆಗೆ ಹಿಡಿದೆವು. 2025ರ ಆಗಸ್ಟ್ 10ರಂದು ಆರ್. ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ನಮ್ಮ ಮೆಟ್ರೋದ ಹಳದಿ ಮಾರ್ಗ ಉದ್ಘಾಟನೆಯಾಯಿತು. ಆರಂಭದಲ್ಲಿ ಮೂರೇ ರೈಲುಗಳಿದ್ದು 25 ನಿಮಿಷಕ್ಕೊಂದು ಬರುತ್ತಿತ್ತಾದರೂ, ಸಿಲ್ಕ್ ಬೋರ್ಡ್ ವೃತ್ತದಲ್ಲಿ ಕೂತು ಕಾಯುವುದಕ್ಕಿಂತ ಪ್ಲಾಟ್‌ಫಾರ್ಮಿನಲ್ಲಿ ನಿಂತು ಕಾಯುವುದು ಎಷ್ಟೋ ಮೇಲು. ಎರಡನೆಯ ಕಾರು ಮಾರಾಟವಾಯಿತು.

ಸ್ವಂತ ಮನೆ ಇಟ್ಟುಕೊಂಡು ಬಾಡಿಗೆ ಮನೆಯಲ್ಲಿರುವುದು ಯಾವ ಸೀಮೆಯ ಬುದ್ಧಿವಂತಿಕೆ ಎಂದು ಅಮ್ಮ ಕೇಳಿದರು. ಅವರಿಗೆ ಲೆಕ್ಕ ಹೇಳಿದೆ. ನಾವು ಪಡೆಯುವ ಬಾಡಿಗೆಗೂ ಕೊಡುವ ಬಾಡಿಗೆಗೂ ನಡುವಿನ ವ್ಯತ್ಯಾಸ ತಿಂಗಳಿಗೆ ಸುಮಾರು 14,000 ರೂಪಾಯಿ. ಇಬ್ಬರಿಗೂ ಸೇರಿ ಉಳಿಯುವ ಹಾದಿಯ ಸಮಯ ತಿಂಗಳಿಗೆ ಐವತ್ತು ಗಂಟೆಯ ಹತ್ತಿರ. ಗಂಟೆಗೆ 280 ರೂಪಾಯಿಯಂತೆ ಸಮಯವನ್ನು ಕೊಂಡಂತಾಯಿತು, ಅದೂ 455ಕ್ಕೆ ಮಾರುತ್ತಿದ್ದ ಸರಕನ್ನು. ಬರುವ ಬಾಡಿಗೆಗೆ ತೆರಿಗೆ ಇದೆ, ಆದರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಅದರ ಮೇಲೆ ಶೇ. 30ರ ಪ್ರಮಾಣಿತ ಕಡಿತ ಸಿಗುತ್ತದೆ. ಕೈಬಿಟ್ಟುಹೋದದ್ದೂ ಇದೆ: ಹತ್ತು ತಿಂಗಳ ಅಡ್ವಾನ್ಸ್ ಎಂಬ ಬೆಂಗಳೂರಿನ ಪದ್ಧತಿ ಎಷ್ಟೋ ಕಡೆ ಸಡಿಲಗೊಂಡಿದ್ದರೂ, ಬಡ್ಡಿಯಿಲ್ಲದೆ ಮಾಲೀಕರ ಬಳಿ ಕೂರುವ ಮೊತ್ತ ಸಣ್ಣದಲ್ಲ. ಗೋಡೆಗೆ ಮೊಳೆ ಹೊಡೆಯಲು ಅನುಮತಿ ಕೇಳುವ ವಯಸ್ಸು ಮುಗಿಯಿತೆಂದುಕೊಂಡಿದ್ದ ನಮ್ಮವರಿಗೆ ಅದೇ ಹೆಚ್ಚಿನ ಬೇಸರ.

ಇಷ್ಟಾದರೂ ಬಿಡುವು ತಾನಾಗಿ ಹುಟ್ಟುವುದಿಲ್ಲ. ಇರುವ ಅವಧಿಯನ್ನೆಲ್ಲ ತುಂಬುವಷ್ಟು ಕೆಲಸ ಹಿಗ್ಗುತ್ತದೆಂದು ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ 1955ರಲ್ಲಿ ಬರೆದದ್ದು ಸರಕಾರಿ ಕಚೇರಿಗಳನ್ನು ಗೇಲಿ ಮಾಡುವುದಕ್ಕಾಗಿ. ಅದು ಉಳಿಸಿದ ಸಮಯಕ್ಕೂ ಅಕ್ಷರಶಃ ಅನ್ವಯಿಸುತ್ತದೆ. ಹಾದಿಯಲ್ಲಿ ಉಳಿದ ಗಂಟೆಗೆ ಮೊದಲು ಕೈಯಿಕ್ಕುವುದು ಆಫೀಸಿನ ಇಮೇಲು, ಅದು ಬಿಟ್ಟರೆ ಮೊಬೈಲು. ಆದ್ದರಿಂದ ಉಳಿದ ಗಂಟೆಗಳಿಗೂ ಹಣಕ್ಕಿರುವಂತೆಯೇ ಮುಂಗಡ ಕಡಿತದ ವ್ಯವಸ್ಥೆ ಬೇಕಾಯಿತು. ಮೈಸೂರಿನಿಂದ ಬೆಂಗಳೂರಿನ ಮೂಲಕ ತಾಳಗುಪ್ಪಕ್ಕೆ ಹೋಗುವ ರಾತ್ರಿಯ ರೈಲು ಬೆಳಗಾಗುವಷ್ಟರಲ್ಲಿ ಸಾಗರ ಜಂಬಗಾರಿಗೆ ತಲುಪಿಸುತ್ತದೆ. 2024ರ ನವೆಂಬರ್ 1ರಿಂದ ರೈಲ್ವೆಯ ಮುಂಗಡ ಕಾಯ್ದಿರಿಸುವಿಕೆಯ ಅವಧಿ 120 ದಿನದಿಂದ 60 ದಿನಕ್ಕೆ ಇಳಿಯಿತು; ಅರವತ್ತನೆಯ ದಿನವೇ ಟಿಕೆಟ್ ಮಾಡಿಸಿ ಆಫೀಸಿನ ಕ್ಯಾಲೆಂಡರಿನಲ್ಲಿ ಆ ಶುಕ್ರವಾರದ ಸಂಜೆಯನ್ನು ಮುಚ್ಚಿಬಿಡುವುದು ನನ್ನ ಪದ್ಧತಿ. ಬಿಡುವಾದಾಗ ಹೋಗೋಣ ಎಂಬ ಮಾತಿಗೂ ಎಸ್-4ರ ಕೆಳಗಿನ ಬರ್ತಿಗೂ ಬಹಳ ಅಂತರವಿದೆ.

ಕೆಲವೊಮ್ಮೆ ಎರಡು ಲೋಕಗಳ ಪಂಚಾಂಗಗಳು ತಾವಾಗಿ ಕೂಡಿಬರುತ್ತವೆ. ನಮ್ಮ ಕಡೆ ಅಡಿಕೆಯ ಕೊನೆಕೊಯ್ಲು, ಎಂದರೆ ಗೊನೆ ಇಳಿಸುವ ಕೆಲಸ, ವರ್ಷದ ಕೊನೆಯ ತಿಂಗಳುಗಳಲ್ಲಿ ಜೋರಾಗಿರುತ್ತದೆ. ಕೊನೆ ಇಳಿಸುವವರು, ಸುಲಿಯುವವರು, ಬೇಯಿಸುವ ಹಂಡೆ, ಅಂಗಳದ ಚಪ್ಪರ ಎಲ್ಲವನ್ನೂ ಅಮ್ಮ ಒಬ್ಬರೇ ನಿಭಾಯಿಸುವಾಗ ಮನೆಯವರೊಬ್ಬರು ಜೊತೆಗಿದ್ದರೆ ಸಾಕೆಂಬ ಕಾಲವದು. ಅತ್ತ ನಮ್ಮ ಗ್ರಾಹಕರಾದ ಅಮೆರಿಕದವರು ಡಿಸೆಂಬರಿನ ಕೊನೆಯ ವಾರಗಳಲ್ಲಿ ರಜೆಯಲ್ಲಿರುತ್ತಾರೆ. ಮೊದಲು ಆ ದಿನಗಳನ್ನು ಬಾಕಿ ಕೆಲಸ ಮುಗಿಸುವುದಕ್ಕೆ ಒಳ್ಳೆಯ ಅವಕಾಶವೆಂದು ಭಾವಿಸುತ್ತಿದ್ದೆ, ಈಗ ಗಳಿಕೆ ರಜೆಯ ದೊಡ್ಡ ಪಾಲನ್ನು ಅಲ್ಲಿಗೇ ಮೀಸಲಿಡುತ್ತೇನೆ. ಹಾಗೆಂದು ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತರೆ ನನ್ನಿಂದ ಆಗುವ ಕೆಲಸ ಹೇಳಿಕೊಳ್ಳುವಷ್ಟೇನಲ್ಲ.

ಇಲ್ಲಿ ಗಂಡಸರು ಓದಿ ಮುಂದೆ ಹೋಗಬಾರದ ಒಂದು ವಿಷಯವಿದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಗಂಡಸರಲ್ಲಿ ಆ ಕೆಲಸಕ್ಕೆ ಕೈಹಾಕುವವರೇ ಕಡಿಮೆಯೆಂಬುದು ಬೇರೆ ಮಾತು. ಆದ್ದರಿಂದ ಮನೆಯೊಂದರಲ್ಲಿ ‘ಸಮಯವನ್ನು ಗುರಿಗೆ ಹೊಂದಿಸಿಕೊಂಡೆ’ ಎಂದು ಒಬ್ಬರು ಹೇಳುವಾಗ, ಆ ಸಮಯ ಯಾರ ಖಾತೆಯಿಂದ ಬಂತೆಂದು ಕೇಳಬೇಕಾಗುತ್ತದೆ. ನಮ್ಮ ಹಾಳೆಯಲ್ಲಿ ತಾಳಮದ್ದಳೆಯ ಸಂಜೆಗಳಿಗೆ ಗಂಟೆಗಳು ಸುಲಭವಾಗಿ ಸಿಕ್ಕವು. ನನ್ನ ರಿಯಾಜಿನ ಬೆಳಗ್ಗಿನ ಗಂಟೆ ಸಿಗಲಿಲ್ಲ, ಏಕೆಂದರೆ ಅದೇ ಹೊತ್ತಿನಲ್ಲಿ ತಿಂಡಿ, ಡಬ್ಬಿ, ಹಾಲಿನ ಲೆಕ್ಕ ಎಲ್ಲವೂ ಇದ್ದವು. ಈ ಕುರಿತು ನಡೆದ ಮಾತುಕತೆ ಅಷ್ಟೇನೂ ಸೌಮ್ಯವಾಗಿರಲಿಲ್ಲ. ಕೊನೆಗೆ ಬೆಳಗಿನ ಅಡುಗೆಮನೆ ವಾರದ ದಿನಗಳಲ್ಲಿ ಇವರ ಪಾಲಿಗೆ ಬಂತು. ಅವಲಕ್ಕಿಯೂ ಉಪ್ಪಿಟ್ಟೂ ಸರದಿಯ ಮೇಲೆ ಬರುತ್ತಿವೆ; ಮಗಳು ದೂರುತ್ತಾಳೆ, ನಾನು ತಂಬೂರಿಯ ಆ್ಯಪಿನ ಧ್ವನಿಯನ್ನು ಸ್ವಲ್ಪ ಏರಿಸುತ್ತೇನೆ.

ರಾತ್ರಿಯ ಊಟದ ಗುರಿಗೆ ಅಡ್ಡವಿದ್ದದ್ದು ಕರೆಗಳು. ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ 9 ಗಂಟೆಯಾದಾಗ ನಮಗೆ ರಾತ್ರಿ 9.30, ಅವರ ಚಳಿಗಾಲದಲ್ಲಿ ಗಡಿಯಾರ ಬದಲಾಗಿ ಅದು 10.30ಕ್ಕೆ ಹೋಗುತ್ತದೆ. ಪ್ರತಿ ರಾತ್ರಿಯೂ ಬೇಡ, ವಾರಕ್ಕೆ ಎರಡು ದಿನ ಸಾಕು, ಉಳಿದದ್ದನ್ನು ಬರೆದು ತಿಳಿಸುತ್ತೇವೆ ಎನ್ನುವುದಕ್ಕೆ ನಯವಾದ ಇಂಗ್ಲಿಷು ಸಾಲದು, ಕೆಲಸ ಹೋದರೂ ಆರು ತಿಂಗಳು ಮನೆ ನಡೆಯುತ್ತದೆಂಬ ಧೈರ್ಯ ಬೇಕು. ಕಂತನ್ನೂ ಸೇರಿಸಿಕೊಂಡು ಆರು ತಿಂಗಳ ಖರ್ಚಿನಷ್ಟನ್ನು ಠೇವಣಿಯಲ್ಲಿಡುವುದನ್ನು ಹಣಕಾಸಿನ ಪುಸ್ತಕಗಳು ಆಪತ್ತಿನ ನಿಧಿ ಎಂದು ಕರೆಯುತ್ತವೆ. ನನ್ನ ಮಟ್ಟಿಗೆ ಅದರ ನಿತ್ಯದ ಉಪಯೋಗ ಆಪತ್ತಿಲ್ಲದ ದಿನಗಳಲ್ಲಿಯೇ ಹೆಚ್ಚು: ಆ ಮೊತ್ತ ಇದೆಯೆಂಬ ಕಾರಣಕ್ಕೆ ಮ್ಯಾನೇಜರಿನ ಎದುರು ಆಗುವುದಿಲ್ಲ ಎನ್ನಲು ಬರುತ್ತದೆ. ಠೇವಣಿ ವಿಮೆಯ ರಕ್ಷಣೆ 2020ರ ಫೆಬ್ರವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ 5 ಲಕ್ಷದವರೆಗೆ ಇರುವುದರಿಂದ ಅದನ್ನು ಎರಡು ಬ್ಯಾಂಕುಗಳಲ್ಲಿ ಹಂಚಿಟ್ಟಿದ್ದೇವೆ.

ಮಗಳ ಶಿಕ್ಷಣ ಹಣದ ಗುರಿ, ಆದ್ದರಿಂದ ಅದಕ್ಕೆ ಹಣವನ್ನೇ ಕೊಡಬೇಕು. 2015ರಲ್ಲಿ ಸುಕನ್ಯಾ ಸಮೃದ್ಧಿ ಯೋಜನೆ ಆರಂಭವಾದ ವರ್ಷವೇ ಅಂಚೆ ಕಚೇರಿಯಲ್ಲಿ ತೆರೆದ ಖಾತೆಯಿಂದ, ಹತ್ತನೆಯ ತರಗತಿ ಮುಗಿದ ಮೇಲೆ ಅಥವಾ 18 ತುಂಬಿದ ಮೇಲೆ, ಹಿಂದಿನ ವರ್ಷದ ಕೊನೆಯ ಶಿಲ್ಕಿನ ಅರ್ಧದವರೆಗೆ ಓದಿಗಾಗಿ ತೆಗೆಯಬಹುದು. ಸರಕಾರಿ ಕೋಟಾದಲ್ಲಿ ಸೀಟು ಸಿಕ್ಕರೆ ಒಂದು ಲೆಕ್ಕ, ಮ್ಯಾನೇಜ್‌ಮೆಂಟ್ ಕೋಟಾ ಎಂದಾದರೆ ಬೇರೆಯೇ ಲೆಕ್ಕ. ಎರಡನೆಯದಕ್ಕೆ ಹೋಗುವುದಿಲ್ಲವೆಂದು ಮಗಳೂ ಸೇರಿ ಮೊದಲೇ ಮಾತಾಡಿಕೊಂಡಿದ್ದೇವೆ. ಮಾರಿದ ಕಾರಿನಿಂದ ಉಳಿದ ಹಣ ಗೃಹಸಾಲದ ಅಸಲಿಗೆ ಹೋಗುತ್ತಿದೆ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕುಗಳು ದಂಡ ಹಾಕುವಂತಿಲ್ಲ. ಅದನ್ನು ಮ್ಯೂಚುವಲ್ ಫಂಡಿಗೆ ಹಾಕಿದ್ದರೆ ಹೆಚ್ಚು ಬೆಳೆಯುತ್ತಿತ್ತೆಂದು ಸಹೋದ್ಯೋಗಿಗಳು ಹೇಳುತ್ತಾರೆ, ಬಹುಶಃ ನಿಜವೂ ಇರಬಹುದು. ನಮ್ಮ ಹಾಳೆಯಲ್ಲಿ ಬೆಳೆಯಬೇಕಾದದ್ದು ಮೊತ್ತವಲ್ಲವಾದ್ದರಿಂದ ಆ ವಾದ ನನ್ನನ್ನು ಹೆಚ್ಚು ತಟ್ಟುವುದಿಲ್ಲ.

ಇಂಥ ಲೆಕ್ಕ ಹಾಕುವ ಸೌಲಭ್ಯವೇ ಒಂದು ಸವಲತ್ತೆಂಬುದನ್ನು ಮರೆಮಾಚಬಾರದು. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಯುವ ಹೆಣ್ಣುಮಗಳಿಗೆ ಗಂಟೆಯನ್ನು ಹಣಕ್ಕೆ ಕೊಡಬೇಕೋ ಬೇಡವೋ ಎಂಬ ಆಯ್ಕೆ ಇಲ್ಲ. ಹತ್ತು ನಿಮಿಷದಲ್ಲಿ ತರಕಾರಿ ತರಿಸಿಕೊಂಡಾಗ ಉಳಿದ ನಮ್ಮ ಅರ್ಧ ಗಂಟೆ ಮಳೆಯಲ್ಲಿ ಸ್ಕೂಟರ್ ಓಡಿಸುವ ಹುಡುಗನಿಂದ ಬಂದದ್ದು. ನಮ್ಮ ಮನೆಗೆಲಸಕ್ಕೆ ಬರುವವರಿಗೆ ವಾರದ ರಜೆ, ಹಬ್ಬದ ರಜೆ ಎರಡಕ್ಕೂ ಸಂಬಳ ಕಡಿಯದಿರುವುದನ್ನು ನಾನು ಔದಾರ್ಯವೆಂದು ಭಾವಿಸಿಲ್ಲ; ಕೊಂಡ ಗಂಟೆಗೆ ಕೊಡಬೇಕಾದ ಬೆಲೆಯಲ್ಲಿ ಅದೂ ಸೇರಿದೆ.

ಹಾಳೆಯಲ್ಲಿ ಇನ್ನೂ ತೀರ್ಮಾನವಾಗದ ಒಂದು ಸಾಲು ಉಳಿದಿದೆ. ಅಮ್ಮನ ಮಂಡಿನೋವು ಹೆಚ್ಚುತ್ತಿದೆ, ತೋಟ ಬಿಟ್ಟು ಬೆಂಗಳೂರಿಗೆ ಬರಲು ಅವರಿಗೆ ಮನಸ್ಸಿಲ್ಲ, ಒತ್ತಾಯಿಸುವ ಮನಸ್ಸು ನನಗೂ ಇಲ್ಲ. ಮುಂದೊಂದು ದಿನ ಅವರಿಗೆ ಪೂರ್ಣಾವಧಿಯ ಆರೈಕೆ ಬೇಕಾದರೆ ಎರಡೂ ಅಂಕಣಗಳಲ್ಲಿ ದೊಡ್ಡ ಅಂಕಿಗಳೇ ಬರುತ್ತವೆ: ಊರಿನಲ್ಲಿ ಜೊತೆಗಿರುವವರ ಸಂಬಳ, ಶಿವಮೊಗ್ಗದ ಆಸ್ಪತ್ರೆಗೆ ಓಡಾಟ, ಮತ್ತು ನಾನೇ ಅಲ್ಲಿರಬೇಕಾದ ತಿಂಗಳುಗಳು. ಯೂರೋಪಿನ ಆರ್‌ಡಿಯ ಹಣವನ್ನು ಈ ಸಾಲಿಗೆ ವರ್ಗಾಯಿಸಿದ್ದೇವೆ. ವೇತನರಹಿತ ದೀರ್ಘ ರಜೆ ಎಷ್ಟು ತಿಂಗಳವರೆಗೆ ಸಿಗಬಹುದು, ಆ ಅವಧಿಯಲ್ಲಿ ಕಂಪನಿಯ ಆರೋಗ್ಯ ವಿಮೆ ಮುಂದುವರಿಯುತ್ತದೆಯೇ ಎಂದು ಎಚ್‌ಆರ್ ವಿಭಾಗಕ್ಕೆ ಬರೆದು ಕೇಳಿದ್ದೇನೆ. ಉತ್ತರ ಬಂದ ಮೇಲೆ ಸಾಲದ ಅವಧಿಯನ್ನು ಮತ್ತೊಮ್ಮೆ ಲೆಕ್ಕ ಹಾಕಬೇಕು.